ಮೂಗು ಮುರಿದು ಸುಮ್ಮನಾದ ಸಮಾಜ

2023ರ ಜೂನ್‌ನಲ್ಲಿ ಜಪಾನಿನ ನಾರಾ ಜಿಲ್ಲಾ ನ್ಯಾಯಾಲಯಕ್ಕೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಲೋಹ ಪತ್ತೆ ಯಂತ್ರ ಕೂಗಿಕೊಂಡಿತು. ಒಳಗೆ ಏನೋ ಸಿಡಿಯುವಂಥದ್ದು ಇದೆಯೆಂಬ ಭಯದಲ್ಲಿ ಜನರನ್ನು ಹೊರಗೆ ಕಳುಹಿಸಿದರು, ಅಂದು ನಡೆಯಬೇಕಿದ್ದ ವಿಚಾರಣಾಪೂರ್ವ ಕಲಾಪವನ್ನು ರದ್ದು ಮಾಡಿದರು. ತೆರೆದು ನೋಡಿದರೆ ಇದ್ದದ್ದು ಕಾಗದದ ಕಟ್ಟು. ಮಾಜಿ ಪ್ರಧಾನಿ ಶಿಂಜೊ ಅಬೆಯನ್ನು ಗುಂಡಿಕ್ಕಿ ಕೊಂದವನ ಮೇಲೆ ಕರುಣೆ ಇರಲಿ ಎಂದು ಬೇಡಿಕೊಂಡ ಸಾವಿರಾರು ಜನರ ಸಹಿ ಅದರಲ್ಲಿತ್ತು.

ಬಂದೂಕು ಹಿಡಿದವರನ್ನು ಕಂಡರೆ ಬೆಚ್ಚಿ ಬೀಳುವ ದೇಶ ಅದು. ಅಂಥ ದೇಶದಲ್ಲಿ ಕೊಲೆಗಾರನೊಬ್ಬನ ಪರವಾಗಿ ಇಷ್ಟು ಜನ ಸಹಿ ಹಾಕಿದರು. ಕೆಲವರು ಅವನಿದ್ದ ಬಂದೀಖಾನೆಗೆ ಹಣ, ಬಟ್ಟೆ, ತಿಂಡಿ ಕಳುಹಿಸಿದರು. ಇದು ಹೇಗಾಯಿತು ಎಂದು ಕೇಳುತ್ತಾ ಹೋದರೆ, ವಿವಾದಿತ ಹೊಸ ಧರ್ಮಗಳನ್ನು ಒಂದು ಸಮಾಜ ಯಾವ ಕಣ್ಣಿನಿಂದ ನೋಡುತ್ತದೆ, ಆ ನೋಟದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬಲ್ಲಿಗೆ ಬಂದು ಮುಟ್ಟುತ್ತೇವೆ.

2022ರ ಜುಲೈ 8ರಂದು ನಾರಾದ ಯಾಮಾತೊ-ಸೈದಾಯ್‌ಜಿ ರೈಲು ನಿಲ್ದಾಣದ ಮುಂದೆ ಅಬೆ ಚುನಾವಣಾ ಭಾಷಣ ಮಾಡುತ್ತಿದ್ದರು. ಮನೆಯಲ್ಲೇ ಕಟ್ಟಿದ ಬಂದೂಕಿನಿಂದ ಹಿಂದಿನಿಂದ ಗುಂಡು ಹಾರಿಸಿದವನು ತೆತ್ಸುಯ ಯಾಮಾಗಾಮಿ, ಆಗ ನಲವತ್ತೊಂದು ವರ್ಷದವನು. ರಾಜಕೀಯ ಸಿದ್ಧಾಂತಕ್ಕಾಗಿ ಕೊಂದೆನೆಂದು ಅವನು ಹೇಳಲಿಲ್ಲ. ಅವನ ತಾಯಿ ಯೂನಿಫಿಕೇಷನ್ ಚರ್ಚ್ ಸೇರಿ, ಗಂಡ ಸತ್ತಾಗ ಬಂದ ವಿಮೆಯ ಹಣ, ಜಮೀನು, ಮನೆ ಎಲ್ಲವನ್ನೂ ಕರಗಿಸಿ ಸುಮಾರು 10 ಕೋಟಿ ಯೆನ್ ಕಾಣಿಕೆ ಕೊಟ್ಟಿದ್ದಳು. 2002ರಲ್ಲಿ ಆಕೆ ದಿವಾಳಿಯಾದಳು. ಹಿರಿಯ ಮಗ ಮುಂದೆ ಆತ್ಮಹತ್ಯೆ ಮಾಡಿಕೊಂಡ. ಯಾಮಾಗಾಮಿಗೆ ಮೊದಲು ಬೇಕಿದ್ದದ್ದು ಚರ್ಚಿನ ಮುಖ್ಯಸ್ಥೆ ಹಾನ್ ಹಾಕ್-ಜಾಳ ಪ್ರಾಣ. ಅವಳ ಹತ್ತಿರ ಸುಳಿಯಲಾಗಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಆ ಚರ್ಚಿನ ಅಂಗಸಂಸ್ಥೆಯೊಂದರ ಸಮಾರಂಭಕ್ಕೆ ಅಬೆ ವಿಡಿಯೊ ಸಂದೇಶ ಕಳುಹಿಸಿ, ಹಾನ್ ಅವರಿಗೆ ಗೌರವ ಸಲ್ಲಿಸಿದ್ದನ್ನು ನೋಡಿದ ಮೇಲೆ ಗುರಿ ಬದಲಾಯಿತು.

ಈ ಕಥೆ ಹೊರಬಂದಾಗ ಜಪಾನಿನ ಜನ ಬೆಚ್ಚಿದರು. ಆದರೆ ಚರ್ಚಿನ ಬಗ್ಗೆ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ನಾಲ್ಕು ದಶಕಗಳಿಂದ ಗೊತ್ತಿತ್ತು. ಗೊತ್ತಿದ್ದೂ ಏನೂ ಆಗದೆ ಉಳಿದದ್ದೇ ಇಲ್ಲಿ ವಿವರಣೆ ಬೇಡುವ ಸಂಗತಿ.

ಸನ್ ಮ್ಯುಂಗ್ ಮೂನ್ ಎಂಬಾತ 1954ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಸ್ಥಾಪಿಸಿದ ಈ ಚರ್ಚಿಗೆ ಜಪಾನಿನಲ್ಲಿ 1964ರಲ್ಲಿ ಧಾರ್ಮಿಕ ಸಂಸ್ಥೆಯ ಮಾನ್ಯತೆ ಸಿಕ್ಕಿತು. ಕೊರಿಯಾವನ್ನು ಆದಾಮನ ದೇಶವೆಂದೂ ಜಪಾನನ್ನು ಹವ್ವಳ ದೇಶವೆಂದೂ ಕರೆದು, ವಸಾಹತು ಆಳ್ವಿಕೆಯ ಪಾಪಕ್ಕೆ ಜಪಾನೀಯರು ಹಣ ತೆತ್ತು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದು ಬೋಧಿಸಿದ್ದು ಈ ಸಂಸ್ಥೆ. ಅನುಯಾಯಿಗಳು ಮನೆಮನೆಗೆ ಹೋಗಿ, ನಿಮ್ಮ ಪೂರ್ವಜರ ಆತ್ಮ ನರಳುತ್ತಿದೆ ಎಂದು ಹೆದರಿಸಿ ಅಮೃತಶಿಲೆಯ ಹೂಜಿ, ಪುಟ್ಟ ಪಗೋಡ, ಹೆಸರಿನ ಮುದ್ರೆಗಳನ್ನು ಹೇಳಲಾಗದ ಬೆಲೆಗೆ ಮಾರಿದರು. ಜಪಾನೀಯರು ಇದಕ್ಕೆ ‘ರೇಯಿಕಾನ್ ಶೋಹೋ’ ಎಂದು ಹೆಸರಿಟ್ಟರು; ಆತ್ಮದ ಹೆಸರಿನ ವ್ಯಾಪಾರ ಎನ್ನಬಹುದು. ಗಂಡ ಸತ್ತವಳು, ಮಗು ಕಾಯಿಲೆ ಬಿದ್ದವಳು, ಮನೆಯಲ್ಲಿ ಒಂಟಿಯಾದವಳು ಇದಕ್ಕೆ ಸುಲಭದ ಗಿರಾಕಿ. ಪಿತೃದೋಷ, ಸರ್ಪದೋಷಗಳ ಶಾಂತಿಗೆ ಸಾಲ ಮಾಡಿದವರನ್ನು ಕಂಡ ನಮಗೆ ಈ ವ್ಯಾಪಾರದ ಒಳಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

1987ರಲ್ಲಿಯೇ ವಕೀಲರು ಒಂದು ರಾಷ್ಟ್ರೀಯ ಜಾಲ ಕಟ್ಟಿಕೊಂಡು ಸಂತ್ರಸ್ತರ ದೂರು ದಾಖಲಿಸತೊಡಗಿದರು. 2021ರವರೆಗೆ ಅವರ ಬಳಿಗೆ ಮತ್ತು ಗ್ರಾಹಕ ಕೇಂದ್ರಗಳಿಗೆ ಬಂದ ದೂರುಗಳು ಸುಮಾರು 34,500. ಅವುಗಳಲ್ಲಿ ಹೇಳಿಕೊಂಡ ನಷ್ಟ 12,000 ಕೋಟಿ ಯೆನ್‌ಗೂ ಹೆಚ್ಚು. 1992ರಲ್ಲಿ ಸೋಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ ಚರ್ಚಿನ ಸಾಮೂಹಿಕ ವಿವಾಹಕ್ಕೆ ಜಪಾನಿನ ಜನಪ್ರಿಯ ಗಾಯಕಿಯೊಬ್ಬಳೂ ಒಲಿಂಪಿಕ್ ಜಿಮ್ನಾಸ್ಟ್ ಒಬ್ಬಳೂ ವಧುಗಳಾಗಿ ಹೋದಾಗ ವಾರಗಟ್ಟಲೆ ಟಿವಿಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಅಂದರೆ ದೇಶದ ಪ್ರತಿ ಮನೆಗೂ ಈ ಹೆಸರು ತಲುಪಿತ್ತು, ತಲುಪಿದ ಕಡೆಯೆಲ್ಲ ಜನ ಮೂಗು ಮುರಿದಿದ್ದರು.

ಆಮೇಲೆ ಓಮ್ ಶಿನ್ರಿಕ್ಯೋ ಎಂಬ ಇನ್ನೊಂದು ಹೊಸ ಧರ್ಮ ಬಂತು. ಹೆಸರಿನ ಮೊದಲ ಪದ ನಮ್ಮ ಓಂಕಾರವೇ. ಹಿಮಾಲಯ, ಯೋಗ, ಮೋಕ್ಷ ಎಂದು ಮಾತನಾಡುತ್ತಿದ್ದ ಅದರ ಗುರು ಶೋಕೊ ಅಸಹರ ಒಂದು ಕಾಲದಲ್ಲಿ ಟಿವಿ ಹರಟೆ ಕಾರ್ಯಕ್ರಮಗಳ ಮೋಜಿನ ಅತಿಥಿ. 1990ರ ಸಂಸತ್ ಚುನಾವಣೆಗೆ ಇಪ್ಪತ್ತೈದು ಅಭ್ಯರ್ಥಿಗಳನ್ನು ನಿಲ್ಲಿಸಿದಾಗ ಅನುಯಾಯಿಗಳು ಅವನ ಮುಖವಾಡ ಹಾಕಿಕೊಂಡು ಬೀದಿಯಲ್ಲಿ ಕುಣಿದರು, ನೋಡಿದವರು ನಕ್ಕರು, ಇಪ್ಪತ್ತೈದೂ ಮಂದಿ ಸೋತರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1989ರ ನವೆಂಬರ್‌ನಲ್ಲಿ, ಅನುಯಾಯಿಗಳ ಪೋಷಕರ ಪರ ನಿಂತಿದ್ದ ವಕೀಲ ತ್ಸುತ್ಸುಮಿ ಸಕಾಮೊತೊ ಹೆಂಡತಿ ಮತ್ತು ಕೈಗೂಸಿನ ಸಮೇತ ಮನೆಯಿಂದ ಕಾಣೆಯಾಗಿದ್ದರು. ಓಮ್‌ನವರು ಕೊಂದಿದ್ದಾರೆ ಎಂದು ಗೊತ್ತಾದದ್ದು 1995ರಲ್ಲಿ, ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಹರಡಿ ಹದಿನಾಲ್ಕು ಜೀವ ಹೋಗಿ, ಸಾವಿರಾರು ಜನ ಆಸ್ಪತ್ರೆ ಸೇರಿದ ಮೇಲೆ.

ಓಮ್ ಜಪಾನಿಗೆ ಕಲಿಸಿದ ಪಾಠ ಒಂದು ರೀತಿಯಲ್ಲಿ ದಾರಿ ತಪ್ಪಿಸಿತು ಎಂದು ನನಗೆ ಅನ್ನಿಸುತ್ತದೆ. ಅಪಾಯಕಾರಿ ಪಂಥ ಎಂದರೆ ವಿಷಾನಿಲ, ಶಸ್ತ್ರ, ಕೊಲೆ ಎಂಬ ಚಿತ್ರ ಜನರ ತಲೆಯಲ್ಲಿ ಅಚ್ಚೊತ್ತಿತು. ಆ ಅಳತೆಗೋಲಿನಲ್ಲಿ ನೋಡಿದರೆ ಹೂಜಿ ಮಾರುವವರು ಸಾಧು ಪ್ರಾಣಿಗಳು. ಮನೆಯೊಂದು ಹತ್ತು ವರ್ಷಗಳಲ್ಲಿ ತೊಟ್ಟು ತೊಟ್ಟಾಗಿ ಬರಿದಾಗುವುದು ಕ್ಯಾಮೆರಾಕ್ಕೆ ಸಿಗುವ ದೃಶ್ಯವಲ್ಲ. ಯೂನಿಫಿಕೇಷನ್ ಚರ್ಚ್ ಸುದ್ದಿಯಿಂದ ಮಾಯವಾಯಿತು, ಕಾಣಿಕೆ ಸಂಗ್ರಹ ನಿಲ್ಲಲಿಲ್ಲ. ಅಬೆ ಹತ್ಯೆಯ ನಂತರ ಅಲ್ಲಿನ ಪತ್ರಕರ್ತರೇ ಈ ಅವಧಿಯನ್ನು ‘ಖಾಲಿ ಮೂವತ್ತು ವರ್ಷ’ ಎಂದು ಕರೆದುಕೊಂಡರು.

ಓಮ್‌ನ ಬಗ್ಗೆ ಮೃದುವಾಗಿ ಮಾತನಾಡಿದ್ದ ಧರ್ಮವಿದ್ವಾಂಸರೊಬ್ಬರು ಟೀಕೆಯ ಬಿರುಗಾಳಿಗೆ ಸಿಕ್ಕಿ ವಿಶ್ವವಿದ್ಯಾಲಯದ ಹುದ್ದೆ ಬಿಡಬೇಕಾಯಿತು. ಇದನ್ನು ಕಂಡ ಇತರರು ಈ ವಿಷಯದ ಗೊಡವೆಯೇ ಬೇಡವೆಂದು ದೂರ ಸರಿದರು. ಇತ್ತ ಊರುಗಳು ಓಮ್‌ನವರಿಗೆ ನಿವಾಸಿ ನೋಂದಣಿ ಕೊಡಲು ನಿರಾಕರಿಸಿದವು. ಅಸಹರನ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬಾರದೆಂದು ಪೋಷಕರು ಪಟ್ಟು ಹಿಡಿದರು. ತಂದೆಯ ಪಾಪಕ್ಕೆ ಪ್ರಾಥಮಿಕ ಶಾಲೆಯ ಮಗು ಗೇಟಿನ ಹೊರಗೆ ನಿಲ್ಲಬೇಕಾಯಿತು.

ಜಪಾನೀಯರ ಧರ್ಮದ ನಂಟೇ ವಿಚಿತ್ರ. ಕೇಳಿದರೆ ಬಹುಪಾಲು ಜನ ‘ಮುಶೂಕ್ಯೋ’, ಯಾವ ಧರ್ಮಕ್ಕೂ ಸೇರಿಲ್ಲ ಎನ್ನುತ್ತಾರೆ. ಹೊಸ ವರ್ಷಕ್ಕೆ ಶಿಂತೊ ಗುಡಿಗೆ ಹೋಗುತ್ತಾರೆ, ಸತ್ತರೆ ಬೌದ್ಧ ಭಿಕ್ಷುವನ್ನು ಕರೆಯುತ್ತಾರೆ. ಧಾರ್ಮಿಕ ಸಂಸ್ಥೆಗಳು ಸರ್ಕಾರಕ್ಕೆ ಕೊಡುವ ಅನುಯಾಯಿಗಳ ಲೆಕ್ಕ ಕೂಡಿದರೆ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ! ಇವರ ಕಣ್ಣಲ್ಲಿ ಸಂಪ್ರದಾಯ ಧರ್ಮವಲ್ಲ, ಊರಿನ ರೂಢಿ. ‘ಧರ್ಮ’ ಎಂದಾಗ ನೆನಪಾಗುವುದೇ ಬಾಗಿಲು ತಟ್ಟಿ ಕರಪತ್ರ ಕೊಡುವವರು, ಅಂದರೆ ಹೊಸ ಧರ್ಮಗಳು. ಸಹೋದ್ಯೋಗಿ ಅಂಥದ್ದಕ್ಕೆ ಸೇರಿದವನೆಂದು ಗೊತ್ತಾದರೆ ಯಾರೂ ಜಗಳಕ್ಕೆ ಹೋಗುವುದಿಲ್ಲ, ಮೆಲ್ಲಗೆ ಮಾತು ಕಡಿಮೆ ಮಾಡುತ್ತಾರೆ.

ಕಾಲ ಕಳೆದಂತೆ ಈ ಮಡಿ ಸಡಿಲವಾಗುವುದೂ ಉಂಟು. ಅಬೆ ಬಿದ್ದ ನಾರಾ ಪ್ರಾಂತದಲ್ಲೇ ತೆನ್‌ರಿ ಎಂಬ ನಗರವಿದೆ. 1838ರಲ್ಲಿ ನಕಯಾಮ ಮಿಕಿ ಎಂಬ ರೈತ ಹೆಂಗಸಿನ ಮೈಮೇಲೆ ದೇವರು ಬಂದಲ್ಲಿಂದ ಹುಟ್ಟಿದ ತೆನ್‌ರಿಕ್ಯೋ ಧರ್ಮದ ಹೆಸರನ್ನೇ ಆ ಊರಿಗೆ ಇಟ್ಟಿದ್ದಾರೆ. ಪೊಲೀಸರು ಆ ವೃದ್ಧೆಯನ್ನು ಎಷ್ಟೋ ಸಲ ಹಿಡಿದೊಯ್ದು ಕೂಡಿಹಾಕಿದ್ದರು. ಇಂದು ಅಲ್ಲಿ ಆ ಪಂಥದ ವಿಶ್ವವಿದ್ಯಾಲಯ, ಆಸ್ಪತ್ರೆ, ಹೆಸರಾಂತ ಜೂಡೊ ತಂಡ ಇವೆ.

ಇಲ್ಲಿ ನಮ್ಮ ಮಾತಿನ ಬಗ್ಗೆಯೂ ಒಂದು ಗಮನಿಕೆ. ಕನ್ನಡದ ‘ಪಂಥ’ದಲ್ಲಿ ಬೈಗುಳದ ಸೋಂಕಿಲ್ಲ, ನಾಥಪಂಥ, ಅವಧೂತಪಂಥ ಎಂದು ಗೌರವದಿಂದಲೇ ಹೇಳುತ್ತೇವೆ. ಹಾಗಾಗಿ ಬೈಯಬೇಕಾದಾಗ ನಮ್ಮ ಪತ್ರಿಕೆಗಳು ‘ಕಲ್ಟ್’ ಎಂಬ ಪದವನ್ನು ಎರವಲು ತರುತ್ತವೆ. ಜಪಾನೀಯರೂ ಅದೇ ಪದವನ್ನು ‘ಕರುತೊ’ ಎಂದು ಮಾಡಿಕೊಂಡಿದ್ದಾರೆ. ಎರವಲು ಪದದ ಒಂದು ಅನುಕೂಲವೆಂದರೆ, ಅದು ನಮ್ಮ ನಡುವಿನದಲ್ಲ ಎಂಬ ನೆಮ್ಮದಿಯನ್ನೂ ಜೊತೆಗೆ ತರುತ್ತದೆ.

ಸರ್ಕಾರ ಸುಮ್ಮನಿದ್ದುದಕ್ಕೆ ಗೌರವದ ಕಾರಣವೊಂದಿತ್ತು, ಅದನ್ನು ಮರೆತರೆ ನ್ಯಾಯವಲ್ಲ. 1935ರಲ್ಲಿ ಸಾಮ್ರಾಜ್ಯಶಾಹಿ ಜಪಾನ್ ಓಮೊತೊ ಎಂಬ ಹೊಸ ಧರ್ಮದ ಮೇಲೆ ಮುಗಿಬಿದ್ದು, ನಾಯಕರನ್ನು ಜೈಲಿಗೆ ತಳ್ಳಿ, ಮಂದಿರಗಳನ್ನು ಡೈನಮೈಟ್ ಇಟ್ಟು ಉರುಳಿಸಿತ್ತು. ಬೌದ್ಧ ಮೂಲದ ಇನ್ನೊಂದು ಹೊಸ ಧರ್ಮವಾದ ಸೋಕಾ ಗಕ್ಕಾಯ್‌ನ ಸ್ಥಾಪಕ ಮಕಿಗುಚಿ 1944ರಲ್ಲಿ ಜೈಲಿನಲ್ಲೇ ಸತ್ತರು. ಯುದ್ಧಾನಂತರದ ಸಂವಿಧಾನದ ಇಪ್ಪತ್ತನೇ ವಿಧಿಯೂ 1951ರ ಧಾರ್ಮಿಕ ಸಂಸ್ಥೆಗಳ ಕಾಯ್ದೆಯೂ ಆ ನೆನಪಿನ ಮೇಲೆ ಕಟ್ಟಿದವು. ಅಧಿಕಾರಿಗಳು ಧರ್ಮದ ಹೊಸಿಲು ದಾಟಲು ಹಿಂಜರಿದದ್ದು ಸೋಮಾರಿತನದಿಂದ ಮಾತ್ರ ಅಲ್ಲ.

ಆದರೆ ರಾಜಕಾರಣಿಗಳಿಗೆ ಆ ಹಿಂಜರಿಕೆ ಇರಲಿಲ್ಲ. 1968ರಲ್ಲಿ ಮೂನ್ ಕಮ್ಯುನಿಸಂ ವಿರೋಧಿ ಸಂಘಟನೆ ಕಟ್ಟಿದಾಗ ಅದಕ್ಕೆ ಜಪಾನಿನಲ್ಲಿ ಬೆಂಬಲವಾಗಿ ನಿಂತವರಲ್ಲಿ ಅಬೆಯ ತಾತ, ಮಾಜಿ ಪ್ರಧಾನಿ ನೊಬುಸುಕೆ ಕಿಶಿ ಒಬ್ಬರು. ಅನುಯಾಯಿಗಳು ಚುನಾವಣೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಾರೆ, ಹೇಳಿದಲ್ಲಿ ಮತ ಹಾಕುತ್ತಾರೆ, ಬದಲಿಗೆ ಒಂದು ಸಮಾರಂಭದಲ್ಲಿ ಹಾರ ಹಾಕಿಸಿಕೊಂಡರೆ ಸಾಕು. ಜನ ಈ ಪಂಥದ ಕಡೆ ನೋಡಲೂ ಬಯಸುತ್ತಿರಲಿಲ್ಲವಾದ್ದರಿಂದ, ಆ ಸಮಾರಂಭಕ್ಕೆ ಯಾರು ಹೋಗಿದ್ದರು ಎಂಬುದನ್ನೂ ಯಾರೂ ನೋಡಲಿಲ್ಲ. ಅಸಹ್ಯವೇ ಒಳ್ಳೆಯ ಪರದೆಯಾಯಿತು. 1997ರಲ್ಲಿ ಹೆಸರು ಬದಲಿಸಲು ಚರ್ಚ್ ಮುಂದಾದಾಗ ಸಂಸ್ಕೃತಿ ಇಲಾಖೆ ಬೇಡವೆಂದಿತ್ತು. 2015ರಲ್ಲಿ, ಅಬೆ ಪ್ರಧಾನಿಯಾಗಿದ್ದಾಗ, ‘ವಿಶ್ವಶಾಂತಿ ಏಕೀಕರಣ ಕುಟುಂಬ ಒಕ್ಕೂಟ’ ಎಂಬ ಅರ್ಥದ ಹೊಸ ಹೆಸರಿಗೆ ಒಪ್ಪಿಗೆ ಸಿಕ್ಕಿತು. ಕುಖ್ಯಾತಿಯೆಲ್ಲ ಹಳೆಯ ಹೆಸರಿಗೆ ಅಂಟಿಕೊಂಡಿದ್ದರಿಂದ, ಹೊಸ ತಲೆಮಾರಿಗೆ ಸಂಸ್ಥೆ ಹೊಚ್ಚ ಹೊಸದಾಗಿ ಕಂಡಿತು. 2022ರ ಸೆಪ್ಟೆಂಬರ್‌ನಲ್ಲಿ ಆಳುವ ಲಿಬರಲ್ ಡೆಮಾಕ್ರಟಿಕ್ ಪಕ್ಷ ತನ್ನವರನ್ನೇ ಕೇಳಿದಾಗ, 379 ಸಂಸದರಲ್ಲಿ 179 ಮಂದಿ ಏನಾದರೊಂದು ಸಂಪರ್ಕವಿತ್ತೆಂದು ಒಪ್ಪಿಕೊಂಡರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಇನ್ನು ಸಂಬಂಧ ಕಡಿದುಕೊಳ್ಳುತ್ತೇವೆ ಎಂದು ಪ್ರಧಾನಿ ಫ್ಯುಮಿಯೊ ಕಿಶಿದ ಘೋಷಿಸಿದರು.

ಇಷ್ಟರಲ್ಲಿ ಯಾರಿಗೂ ಕಾಣದೆ ಉಳಿದವರು ಮಕ್ಕಳು. ‘ಇಷ್ಟಪಟ್ಟು ಹಾಳುಬಾವಿಗೆ ಬಿದ್ದರೆ ಯಾರೇನು ಮಾಡಲಾದೀತು’ ಎಂಬುದು ಪಂಥಗಳಿಗೆ ಸೇರಿದವರ ಬಗ್ಗೆ ಸಾಮಾನ್ಯ ಜನರ ತೀರ್ಪು. ಅಲ್ಲೇ ಹುಟ್ಟಿದ ಮಗು ಏನನ್ನೂ ಇಷ್ಟಪಟ್ಟು ಆರಿಸಿಕೊಂಡಿರುವುದಿಲ್ಲ. ಶಾಲೆಯ ಶುಲ್ಕಕ್ಕೆ ಹಣವಿಲ್ಲ, ಹುಟ್ಟುಹಬ್ಬವಿಲ್ಲ, ಪ್ರೀತಿ ಮಾಡುವಂತಿಲ್ಲ, ಹೊರಗೆ ಹೇಳಿಕೊಂಡರೆ ‘ಅವರ ಮನೆಯದು’ ಎಂಬ ಬಿರುದು ಬೇರೆ. 2022ರಲ್ಲಿ ‘ಶೂಕ್ಯೋ ನಿಸೇ’, ಅಂದರೆ ಧರ್ಮದ ಎರಡನೇ ತಲೆಮಾರು ಎಂಬ ಮಾತು ಆ ವರ್ಷದ ಹತ್ತು ಜನಪ್ರಿಯ ಪದಗಳ ಪಟ್ಟಿಗೆ ಸೇರಿತು. ಆ ಅಕ್ಟೋಬರ್‌ನಲ್ಲಿ ಟೋಕಿಯೊದ ವಿದೇಶಿ ಪತ್ರಕರ್ತರ ಕ್ಲಬ್ಬಿನಲ್ಲಿ ಅಂಥ ಯುವತಿಯೊಬ್ಬಳು ತನ್ನ ಕಥೆ ಹೇಳುತ್ತಿದ್ದಾಗ ನಡುವೆಯೇ ಒಂದು ಫ್ಯಾಕ್ಸ್ ಬಂತು. ಇವಳಿಗೆ ಮಾನಸಿಕ ಕಾಯಿಲೆಯಿದೆ, ಗೋಷ್ಠಿ ನಿಲ್ಲಿಸಿ ಎಂದು ಅದರಲ್ಲಿತ್ತು. ಕೆಳಗೆ ಅವಳ ತಂದೆತಾಯಿಯ ಸಹಿ. ಅವಳು ಅಳುತ್ತಲೇ ಮಾತು ಮುಂದುವರಿಸಿದಳು. ನನಗೆ ಕೇಳಿದರೆ, ಜಪಾನಿನ ಜನರ ಮನಸ್ಸನ್ನು ತಿರುಗಿಸಿದ್ದು ಬಂದೂಕಿಗಿಂತ ಹೆಚ್ಚಾಗಿ ಇಂಥ ಗಳಿಗೆಗಳು. ಬಂದೂಕು ಸಿಡಿಯದಿದ್ದರೆ ಅವಳ ಮಾತು ಕೇಳಲು ಅಷ್ಟು ಪತ್ರಕರ್ತರು ಬರುತ್ತಿದ್ದರೇ ಎಂಬ ಪ್ರಶ್ನೆಯನ್ನು ಮಾತ್ರ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆ ಸಹಿಗಳ ಪೆಟ್ಟಿಗೆ ಅಲ್ಲಿಂದಲೇ ಬಂದದ್ದು.

ಆಮೇಲಿನ ಬದಲಾವಣೆ ಬೇಗ ಬೇಗ ನಡೆಯಿತು. 2022ರ ಡಿಸೆಂಬರ್‌ನಲ್ಲಿ, ಹೆದರಿಸಿ ಪಡೆದ ಕಾಣಿಕೆಯನ್ನು ಹಿಂದಕ್ಕೆ ಕೇಳಲು, ಮನೆ ಮಾರಿ ಇಲ್ಲವೇ ಸಾಲ ಮಾಡಿ ಕೊಡಿ ಎನ್ನುವುದನ್ನು ತಡೆಯಲು ಹೊಸ ಕಾಯ್ದೆ ಬಂತು. ನರಕದ ಭಯ ಹುಟ್ಟಿಸಿ ಮಕ್ಕಳನ್ನು ಧಾರ್ಮಿಕ ಚಟುವಟಿಕೆಗೆ ದೂಡುವುದು ಮಕ್ಕಳ ಮೇಲಿನ ದೌರ್ಜನ್ಯ ಎಂದು ಆರೋಗ್ಯ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ಸಂಸ್ಥೆಯನ್ನೇ ವಿಸರ್ಜಿಸುವ ಪ್ರಶ್ನೆ ಎದ್ದಾಗ ಕಾನೂನಿನ ಒಂದು ಪದ ಅಡ್ಡ ಬಂತು. ಹಿಂದೆ ಹೀಗೆ ವಿಸರ್ಜನೆಗೊಂಡ ಎರಡು ಸಂಸ್ಥೆಗಳೂ, ಓಮ್ ಮತ್ತು 2002ರಲ್ಲಿ ಮ್ಯೋಕಾಕುಜಿ ಎಂಬ ಮಂದಿರ, ಕ್ರಿಮಿನಲ್ ಅಪರಾಧಗಳಲ್ಲಿ ಸಿಕ್ಕಿಬಿದ್ದವು. ಯೂನಿಫಿಕೇಷನ್ ಚರ್ಚಿನ ಮೇಲಿದ್ದ ತೀರ್ಪುಗಳು ಸಿವಿಲ್ ಸ್ವರೂಪದವು. ಸಿವಿಲ್ ತಪ್ಪು ‘ಕಾನೂನು ಉಲ್ಲಂಘನೆ’ಯ ಲೆಕ್ಕಕ್ಕೆ ಬರುವುದಿಲ್ಲವೆಂದು 2022ರ ಅಕ್ಟೋಬರ್ 18ರಂದು ಸಂಸತ್ತಿನಲ್ಲಿ ಹೇಳಿದ ಕಿಶಿದ, ಮರುದಿನವೇ ಬರುತ್ತದೆ ಎಂದರು. ರಾತ್ರೋರಾತ್ರಿ ಕಾನೂನಿನ ಅರ್ಥ ಬದಲಾದದ್ದು ಜನರ ಸಿಟ್ಟಿಗೆ ಮಣಿದು ಎಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಕೊನೆಗೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ತಪ್ಪೂ ಸೇರುತ್ತದೆ ಎಂದಿತು. ಅದೇ ತಿಂಗಳ 25ರಂದು ಟೋಕಿಯೊ ಜಿಲ್ಲಾ ನ್ಯಾಯಾಲಯ ವಿಸರ್ಜನೆಯ ಆದೇಶ ಹೊರಡಿಸಿತು. ನ್ಯಾಯಾಲಯ ಎಣಿಸಿದ ಸಂತ್ರಸ್ತರು 1,500ಕ್ಕೂ ಹೆಚ್ಚು, ನಷ್ಟ ಸುಮಾರು 2,040 ಕೋಟಿ ಯೆನ್. 2009ರಲ್ಲಿ ಮುದ್ರೆ ಮಾರಾಟದ ಪ್ರಕರಣವೊಂದರ ನಂತರ ತಿದ್ದಿಕೊಂಡಿದ್ದೇವೆ ಎಂಬ ಸಂಸ್ಥೆಯ ಮಾತನ್ನು ನ್ಯಾಯಾಲಯ ನಂಬಲಿಲ್ಲ. ಸಂಸ್ಥೆ ಮೇಲ್ಮನವಿ ಹೋಯಿತು.

ಈ ಆದೇಶದ ನಡೆ ನಮಗೆ ಕುತೂಹಲದ್ದು. ಭಾರತದಲ್ಲಿ ಧರ್ಮ ಮತ್ತು ಸರ್ಕಾರದ ನಡುವಿನ ಗಡಿಯ ಪ್ರಶ್ನೆ ಎದ್ದಾಗಲೆಲ್ಲ ವಕೀಲರು ಹಿಂದಿರುಗುವುದು ಉಡುಪಿಯ ಶಿರೂರು ಮಠದ ಪ್ರಕರಣಕ್ಕೆ. ಅಷ್ಟಮಠಗಳಲ್ಲೊಂದಾದ ಅದರ ಸ್ವಾಮಿಗಳು ಮದ್ರಾಸು ಸರ್ಕಾರದ ದತ್ತಿ ಕಾಯ್ದೆಯನ್ನು ಪ್ರಶ್ನಿಸಿದಾಗ 1954ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ, ಯಾವ ಆಚರಣೆ ಧರ್ಮದ ಅತ್ಯಗತ್ಯ ಅಂಗ ಎಂದು ಪರಿಶೀಲಿಸುವ ಪರಿಪಾಠ ಬೆಳೆದು ಬಂತು. ಟೋಕಿಯೊದ ನ್ಯಾಯಾಲಯ ಆ ಗೋಜಿಗೆ ಹೋಗಲಿಲ್ಲ. ಮೂನ್ ಬೋಧಿಸಿದ್ದು ನಿಜವಾದ ಧರ್ಮವೋ ಅಲ್ಲವೋ ಎಂದು ಕೇಳದೆ, ಹಣ ಹೇಗೆ ಬಂತು, ಯಾರು ಕಳೆದುಕೊಂಡರು ಎಂದಷ್ಟೇ ಕೇಳಿತು. ನನಗೆ ಈ ದಾರಿಯೇ ಹೆಚ್ಚು ಮರ್ಯಾದೆಯದು ಎನ್ನಿಸುತ್ತದೆ. ನ್ಯಾಯಾಧೀಶರು ದೇವತಾಶಾಸ್ತ್ರ ಓದಬೇಕಾಗಿಲ್ಲ, ರಸೀದಿ ಓದಿದರೆ ಸಾಕು.

ಹಾಗೆಂದು ಅನುಯಾಯಿಗಳೆಲ್ಲ ವಂಚಕರು ಎಂದು ನೋಡುವ ಜನರ ಕಣ್ಣಿಗೂ ಒಂದು ಇತಿಹಾಸವಿದೆ, ಅದು ಶುಭ್ರವಾಗಿಲ್ಲ. ಪಂಥ ಸೇರಿದ ವಯಸ್ಕ ಮಕ್ಕಳನ್ನು ಮನೆಯವರೇ ಅಪಹರಿಸಿ, ಬೀಗ ಹಾಕಿದ ಕೋಣೆಯಲ್ಲಿಟ್ಟು, ನಂಬಿಕೆ ಬಿಡುವವರೆಗೆ ಪಾದ್ರಿಗಳನ್ನೋ ಮಾಜಿ ಅನುಯಾಯಿಗಳನ್ನೋ ಕರೆಸಿ ವಾದಿಸುವುದು ದಶಕಗಳ ಕಾಲ ನಡೆಯಿತು. ಇಂಥವು ನಾಲ್ಕು ಸಾವಿರಕ್ಕೂ ಹೆಚ್ಚು ಎಂಬುದು ಚರ್ಚ್ ಹೇಳುವ ಲೆಕ್ಕ. ಒಬ್ಬಾತನನ್ನು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಕೂಡಿಹಾಕಿದ್ದರು. 2008ರಲ್ಲಿ ಹೊರಬಿದ್ದಾಗ ಅವನು ಅಸ್ಥಿಪಂಜರದಂತಿದ್ದ, ನಂಬಿಕೆ ಮಾತ್ರ ಬಿಟ್ಟಿರಲಿಲ್ಲ. ಮನೆಯವರ ವಿರುದ್ಧ ಅವನು ಹೂಡಿದ ದಾವೆಯಲ್ಲಿ ಅವನ ಪರವಾದ ತೀರ್ಪನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ಸುದ್ದಿ ಜಪಾನಿನ ಪತ್ರಿಕೆಗಳಲ್ಲಿ ದೊಡ್ಡ ಸದ್ದು ಮಾಡಲಿಲ್ಲ. ಹೀಗೆ ಮೂಗು ಮುರಿಯುವ ನೋಟಕ್ಕೆ ಪಂಥದಿಂದ ನೊಂದವರೂ ಕಾಣಲಿಲ್ಲ, ಪಂಥದವರೆಂಬ ಕಾರಣಕ್ಕೆ ನೊಂದವರೂ ಕಾಣಲಿಲ್ಲ.

ಈ ನಡುವೆ ಕೊರಿಯಾದಲ್ಲಿ, ಆಗಿನ ಅಧ್ಯಕ್ಷರ ಪತ್ನಿಗೆ ದುಬಾರಿ ಉಡುಗೊರೆ ಕೊಡಿಸಿದ ಆರೋಪದ ಮೇಲೆ ಹಾನ್ ಹಾಕ್-ಜಾ 2025ರ ಸೆಪ್ಟೆಂಬರ್‌ನಲ್ಲಿ ಬಂಧಿತಳಾದಳು. ಆಕೆ ಆರೋಪವನ್ನು ಅಲ್ಲಗಳೆದಿದ್ದಾಳೆ.

ಟೋಕಿಯೊದ ಆದೇಶ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಸಂಸ್ಥೆಯ ಕಾನೂನು ಅಸ್ತಿತ್ವ ಹೋಗುತ್ತದೆ, ತೆರಿಗೆ ವಿನಾಯಿತಿ ಹೋಗುತ್ತದೆ, ಆಸ್ತಿಯನ್ನು ಲೆಕ್ಕ ಹಾಕಿ ಸಾಲ ಕೊಟ್ಟವರಿಗೂ ಸಂತ್ರಸ್ತರಿಗೂ ಹಂಚಲು ಅಧಿಕಾರಿ ಬರುತ್ತಾನೆ. ನಂಬುವುದಕ್ಕಾಗಲಿ, ಕೂಡಿ ಪ್ರಾರ್ಥಿಸುವುದಕ್ಕಾಗಲಿ ಅಡ್ಡಿಯಿಲ್ಲ. ಓಮ್ ಕೂಡ ಹಾಗೆ ಅಲೆಫ್ ಎಂಬ ಹೆಸರಿನಲ್ಲಿ ಉಳಿದುಕೊಂಡಿತು, ಸರ್ಕಾರದ ಕಣ್ಗಾವಲಿನಡಿ.

ಯಾಮಾಗಾಮಿಯ ವಿಚಾರಣೆ 2025ರ ಅಕ್ಟೋಬರ್ 28ರಂದು ಶುರುವಾಯಿತು. ಕೊಂದದ್ದು ನಾನೇ ಎಂದು ಅವನು ಮೊದಲ ದಿನವೇ ಒಪ್ಪಿಕೊಂಡ. 2026ರ ಜನವರಿ 21ರಂದು ನ್ಯಾಯಾಲಯ ಸರ್ಕಾರಿ ವಕೀಲರು ಕೇಳಿದಂತೆಯೇ ಜೀವಾವಧಿ ಶಿಕ್ಷೆ ವಿಧಿಸಿತು. ಪೆಟ್ಟಿಗೆಯಲ್ಲಿ ಬಂದ ಸಹಿಗಳು ಬಯಸಿದ ರಿಯಾಯಿತಿ ಸಿಗಲಿಲ್ಲ. ಅದಕ್ಕೂ ಮೊದಲು ನವೆಂಬರ್‌ನಲ್ಲಿ ಮಗನ ಪರ ಸಾಕ್ಷಿಯಾಗಿ ತಾಯಿ ಬಂದಿದ್ದಳು. ಗಂಡ, ಹಿರಿಯ ಮಗ, ಮನೆ, ಹಣ ಎಲ್ಲ ಹೋದವಳು. ಅಬೆ ಕುಟುಂಬದ ಕ್ಷಮೆ ಕೇಳಿದಳು. ಆಕೆ ಈಗಲೂ ಆ ಚರ್ಚಿನ ಅನುಯಾಯಿ.